ಕಾಪುವಿನ ಫ್ಲೆಕ್ಸಿನಿಂದ ನನ್ನ ಮಗನನ್ನು ಇಳಿಸಿ

ರಸ್ತೆ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಾಪುವಿನ ಜಂಕ್ಷನ್ನಿನಲ್ಲಿ ನೀವು ಕಟ್ಟಿಸಿರುವ ಫ್ಲೆಕ್ಸಿನಲ್ಲಿ ಬೈಕಿನ ಸಮೇತ ಗಾಳಿಯಲ್ಲಿ ಹಾರುತ್ತಿರುವ ಹುಡುಗ ನನ್ನ ಮಗ ಲಕ್ಷಿತ್. ಅವನ ಕೆಳಗೆ ಕೆಂಪಕ್ಷರದಲ್ಲಿ ‘ಹೆತ್ತವರ ಹುಚ್ಚು, ಮಕ್ಕಳ ಸಾವು’ ಎಂದು ಬರೆಸಿದ್ದೀರಿ. ಆ ಹೆತ್ತವರಲ್ಲಿ ಒಬ್ಬಳು ನಾನು. ಫೋಟೊ ಬಳಸುವ ಮೊದಲು ನಮ್ಮನ್ನು ಕೇಳಬೇಕೆಂದು ನಿಮಗೆ ಅನಿಸಲಿಲ್ಲ. ಸತ್ತವನು ಹೇಗೂ ಬೇಡ ಎನ್ನಲಾರ. ಹುಚ್ಚರ ಒಪ್ಪಿಗೆ ಯಾರಿಗೆ ಬೇಕು?

ಹುಚ್ಚು ಇದ್ದದ್ದು ನಿಜ. ನಾನೂ ನನ್ನ ಗಂಡ ಜಿತೇಂದ್ರರೂ ಮೊದಲು ಮಾತಾಡಿದ್ದೇ ಮಣಿಪಾಲದಲ್ಲಿ ನಡೆದ ಒಂದು ಮಣ್ಣಿನ ರೇಸಿನಲ್ಲಿ. ನನ್ನ ಬೈಕಿನ ಚೈನ್ ಕಳಚಿತ್ತು, ಅವರು ಹಾಕಿಕೊಟ್ಟರು. ಆಮೇಲೆ ಮಹಿಳೆಯರ ವಿಭಾಗದಲ್ಲಿ ನಾನು ಗೆದ್ದೆ, ಅವರ ವಿಭಾಗದಲ್ಲಿ ಅವರು ಬಿದ್ದರು. ಈಗ ಅವರು ಮಲ್ಪೆಯಿಂದ ಮೀನಿನ ಲಾರಿ ಓಡಿಸುತ್ತಾರೆ, ನಾನು ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೂರುತ್ತೇನೆ. ಆದರೂ ಭಾನುವಾರ ಬಂತೆಂದರೆ ಲಕ್ಷಿತ್‌ನನ್ನೂ ಅವನ ತಂಗಿ ನವ್ಯಶ್ರೀಯನ್ನೂ ಕರೆದುಕೊಂಡು ಕಾರ್ಕಳದ ಹತ್ತಿರದ ಹಳೆಯ ಕೆಂಪುಕಲ್ಲಿನ ಕೋರೆಗೆ ಹೋಗುತ್ತಿದ್ದೆವು. ಕೋರೆಯ ಮಾಲೀಕರು ಅಭ್ಯಾಸಕ್ಕೆ ಜಾಗ ಬಿಟ್ಟುಕೊಟ್ಟಿದ್ದರು. ಅಲ್ಲಿ ಲಕ್ಷಿತ್ ಮೊದಲು ಕಲಿತದ್ದು ಬೀಳುವುದನ್ನು, ಆಮೇಲೆ ಬ್ರೇಕ್ ಹಿಡಿಯುವುದನ್ನು. ವೇಗ ಕೊನೆಗೆ, ಅದೂ ಮಣ್ಣಿನ ಮೇಲೆ ಮಾತ್ರ. ಒಮ್ಮೆ ಬೀಚ್ ರಸ್ತೆಯಲ್ಲಿ ಗೆಳೆಯರೆದುರು ಬೈಕ್ ಜೋರಾಗಿ ಬಿಟ್ಟನೆಂದು ಗೊತ್ತಾದಾಗ ಅವನಪ್ಪ ಕೀ ಕಿತ್ತುಕೊಂಡರು. ಆ ರೇಸ್ ಸೀಸನ್ ಪೂರ್ತಿ ಮಗ ಬಸ್ಸಿನಲ್ಲಿ ಓಡಾಡಿದ. ಮಾನ್ಯರೇ, ನಿಮ್ಮ ರಸ್ತೆ ಸುರಕ್ಷತಾ ಸಪ್ತಾಹದ ಭಾಷಣಗಳು ಎಷ್ಟು ಹುಡುಗರನ್ನು ಬಸ್ಸು ಹತ್ತಿಸಿವೆ?

ನೀವು ಹಾಕಿರುವ ಚಿತ್ರ ಅದರ ಮುಂದಿನ ವರ್ಷ ಅವನು ಗೆದ್ದ ರೇಸಿನದು. ತೆಗೆದವರು ಅವನಪ್ಪ, ಗೆದ್ದ ಸುದ್ದಿಯ ಜೊತೆ ಪೇಪರಿನಲ್ಲಿ ಬಂದಿತ್ತು. ಅವನು ಸತ್ತದ್ದು ರೇಸಿನಲ್ಲಲ್ಲ. ಬೈಕಿನಲ್ಲೂ ಅಲ್ಲ. ನನ್ನ ಸ್ಕೂಟರಿನಲ್ಲಿ. ಹೆಜಮಾಡಿಯಲ್ಲಿರುವ ಅಜ್ಜಿಗೆ ಮಾತ್ರೆ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು, ಕತ್ತಲು ಕವಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದ. ರಸ್ತೆ ಕೆಲಸದವರು ಅರ್ಧ ರಸ್ತೆಗೆ ಜಲ್ಲಿ ಸುರಿದು ಹೋಗಿದ್ದರು. ದೀಪವಿಲ್ಲ, ಬೋರ್ಡಿಲ್ಲ, ಒಂದು ಕೆಂಪು ಬಟ್ಟೆಯ ತುಂಡೂ ಇಲ್ಲ. ಹಿಂದೆ ಕಾರಿನಲ್ಲಿ ಬರುತ್ತಿದ್ದ ಅಂಗಡಿ ಇಟ್ಟುಕೊಂಡಿರುವ ಸಯೀದ್ ಎಂಬವರೇ ಅವನನ್ನು ಎತ್ತಿ ಆಸ್ಪತ್ರೆಗೆ ತಂದರು. “ಮೆಲ್ಲ ಹೋಗ್ತಿದ್ದ ಅಕ್ಕ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆಯಿತು. ಜಲ್ಲಿ ನನಗೇ ಕಾಣಲಿಲ್ಲ, ಅವನಿಗೆ ಹೇಗೆ ಕಾಣ್ಬೇಕು?” ಎಂದು ಆ ಮನುಷ್ಯ ನನ್ನೆದುರು ಅತ್ತರು. ಬೆಳಗಾಗುವಷ್ಟರಲ್ಲಿ ಜಲ್ಲಿ ಮಾಯವಾಗಿತ್ತು. ಸರಕಾರಿ ಕೆಲಸ ಇಷ್ಟು ಚುರುಕಾಗಿ ನಡೆಯಬಲ್ಲದೆಂದು ನಮಗೆ ತಿಳಿದದ್ದು ಆವತ್ತೇ.

ಸಯೀದರನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆವು. “ರೇಸಿಗೆ ಹೋಗುವ ಹುಡುಗ ಅಲ್ವಾ? ಅತಿವೇಗ ಅಲ್ಲದೆ ಮತ್ತೆಂತ?” ಎಂದಿರಿ.

“ಸರ್, ನಾನು ಅವನ ಹಿಂದೆಯೇ ಇದ್ದೆ,” ಎಂದರು ಸಯೀದ್.

“ನೀವು ಅವನ ಸ್ಪೀಡೋಮೀಟರ್ ನೋಡಿದ್ರಾ?”

ನೀವು ನೋಡಿದ್ದಿರಾ? ಆಮೇಲೆ ನನ್ನ ಕಡೆ ತಿರುಗಿ “ಕಲಿಸುವಾಗಲೇ ಯೋಚಿಸಬೇಕಿತ್ತಮ್ಮ” ಎಂದಿರಿ. ಸ್ವಲ್ಪ ದಿನದಲ್ಲೇ ನಿಮ್ಮ ಆದೇಶದ ಮೇಲೆ ಕೋರೆಗೆ ಬೀಗ ಬಿತ್ತು. ಜಲ್ಲಿ ಸುರಿದವರಿಗೆ ಒಂದು ನೋಟಿಸೂ ಹೋಗಲಿಲ್ಲ. ಕೋರೆಯಲ್ಲಿ ಕಲಿಯುತ್ತಿದ್ದ ಮಕ್ಕಳು ಈಗ ವೇಗವನ್ನು ಎಲ್ಲಿ ಹುಡುಕುತ್ತಾರೆಂದು ಯೋಚಿಸಿದ್ದೀರಾ? ನಿಮ್ಮ ಹೆದ್ದಾರಿಯಲ್ಲಿ, ನಿಮ್ಮ ಫ್ಲೆಕ್ಸಿನ ಕೆಳಗೇ.

ಜಿತೇಂದ್ರ ಈಗ ಲಾರಿಯನ್ನು ಕಾಪು ಜಂಕ್ಷನ್ ದಾಟಿಸುವುದಿಲ್ಲ. ಒಳರಸ್ತೆಯಲ್ಲಿ ಸುತ್ತಿ ಬರುತ್ತಾರೆ. ಒಂದು ದಿನ ಊಟಕ್ಕೆ ಕೂತವರು ಅನ್ನ ಕಲಸುತ್ತಾ “ನಾವು ಕಲಿಸದಿದ್ರೆ ಅವ ಇರ್ತಿದ್ನಾ?” ಎಂದರು. ಮಗನ ಹೆಣ ಹೊತ್ತಾಗಲೂ ಅವರು ಕೇಳದಿದ್ದ ಪ್ರಶ್ನೆ ಅದು. ಅದನ್ನು ಅವರ ಬಾಯಿಗೆ ಇಟ್ಟವರು ನೀವು.

ಉತ್ತರ ಕೊಟ್ಟವಳು ನವ್ಯಶ್ರೀ. ಕಳೆದ ಭಾನುವಾರ ಅವಳು ಅಣ್ಣನ ಬೈಕಿನ ಮೇಲಿನ ಟಾರ್ಪಾಲು ತೆಗೆದು ಒರೆಸಲು ಕೂತಳು.

“ಮುಟ್ಟಬೇಡ ಅದನ್ನು,” ಎಂದು ಅಪ್ಪ ಗದರಿದರು.

“ಅಣ್ಣನನ್ನು ಕೊಂದದ್ದು ಇದಾ ಅಪ್ಪ? ಹೇಳಿ, ಇದಾ?”

ಅವರು ಒಳಗೆ ಹೋದರು. ಮತ್ತೆ ಇನ್ನೊಂದು ಬಟ್ಟೆ ತಂದು ಅವಳ ಪಕ್ಕ ಕೂತು ಒರೆಸತೊಡಗಿದರು. ಅವನು ಹೋದ ಮೇಲೆ ಮೊದಲ ಬಾರಿ ನಮ್ಮ ಅಂಗಳದಲ್ಲಿ ಆ ಎಂಜಿನ್ ಸದ್ದು ಮಾಡಿತು. ನಾನು ಅಡುಗೆಮನೆಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು ಇನ್ನು ಎಲ್ಲಿ ಅಭ್ಯಾಸ ಮಾಡಬೇಕು, ಮಾನ್ಯರೇ? ಜಲ್ಲಿ ಸುರಿದ ರಸ್ತೆಯಲ್ಲಾ?

ಆದ್ದರಿಂದ ಈ ವಾರದೊಳಗೆ ನನ್ನ ಮಗನನ್ನು ಆ ಕಂಬದಿಂದ ಇಳಿಸಿ. ಅಪಘಾತದ ವರದಿಯಲ್ಲಿ ನೀವು ಬರೆದ ‘ಅತಿವೇಗ’ ಎಂಬ ಪದ ಹೊಡೆದುಹಾಕಿ ಸಯೀದರ ಹೇಳಿಕೆ ಬರೆದುಕೊಳ್ಳಿ. ಕೋರೆಯ ಬೀಗ ತೆಗೆಸಿ. ಜನಜಾಗೃತಿಗೆ ಚಿತ್ರ ಬೇಕೇ ಬೇಕೆಂದಾದರೆ ನಾವೇ ಕೊಡುತ್ತೇವೆ. ಆ ರಾತ್ರಿಯೇ ಆಸ್ಪತ್ರೆಯಿಂದ ಹಿಂದೆ ಬರುವಾಗ ಸಯೀದ್ ಮೊಬೈಲಿನಲ್ಲಿ ತೆಗೆದದ್ದು ಒಂದು ಉಂಟು. ನಿಮ್ಮ ಮೇಜಿನ ಮೇಲಿಟ್ಟಾಗ ನೀವು ನೋಡಲು ಒಪ್ಪದೆ ತಳ್ಳಿದ್ದು. ಜಲ್ಲಿಯ ರಾಶಿ, ಅದರ ಮೇಲೆ ಮಗುಚಿದ ಸ್ಕೂಟರು, ಸುತ್ತ ಕತ್ತಲು. ಅದನ್ನು ಅಷ್ಟೇ ದೊಡ್ಡದಾಗಿ ಹಾಕಿಸಿ. ಕೆಳಗೆ ಎಂತ ಬರೆಸುತ್ತೀರಿ, ನೋಡುತ್ತೇವೆ.

ಇಂತಿ,
ಇಬ್ಬರು ಮಕ್ಕಳಿಗೆ ಬೈಕ್ ಕಲಿಸಿದ್ದಕ್ಕೆ ಇನ್ನೂ ಪಶ್ಚಾತ್ತಾಪ ಪಡಲಾರದ
ಶರ್ಮಿಳಾ, ಮಲ್ಪೆ