ಮಗುವಿಗಿಂತ ಮೊದಲೇ ಮುಗಿದ ದಿನಗಳು

ಗ್ರಾಜ್, ಸೋಮವಾರ

ತಂಗಿ ಸ್ತೊಯಾಂಕಾ,

ಮಗಳು ಯಗೋದಾ ಇನ್ನೂ ಹೆತ್ತಿಲ್ಲ, ಶುಕ್ರವಾರ ನಾನು ಆಸ್ಟ್ರಿಯ ಬಿಡಬೇಕಂತೆ. ನಿನ್ನ ಜೊತೆ ಐವಾರ್ ಚಟ್ನಿ ಕುದಿಸಲು ಊರಿಗೆ ಬಂದು ಮರಳಿದೆನಲ್ಲ, ಅಲ್ಲಿಂದ ವೀಸಾ ಇಲ್ಲದೆ ಇಲ್ಲಿರಲು ಬಿಡುವ ತೊಂಬತ್ತು ದಿನ ಹೊಸದಾಗಿ ಶುರುವೆಂದು ನಂಬಿದ್ದೆ.

"ಹಂಗಲ್ಲ ಅಜ್ಜಿ, ಹಿಂದಿನ ನೂರಾ ಎಂಬತ್ತು ದಿನದಲ್ಲಿ ಇಲ್ಲಿದ್ದದ್ದೆಲ್ಲ ಸೇರಿ ತೊಂಬತ್ತು," ಎಂದ ವಲಸೆ ಕಚೇರಿಯವನು.

"ಹಂಗಾದ್ರೆ ಬೇಗ ಹುಟ್ಟು ಅಂತ ಮಗೂಗೆ ನೀನೇ ಹೇಳಪ್ಪ," ಎಂದೆ.

ಯುಗೊಸ್ಲಾವಿಯದ ಕೆಂಪು ಪಾಸ್‌ಪೋರ್ಟ್ ಹಿಡಿದು ನಾವಿಬ್ಬರೂ ಇಟಲಿಯ ಟ್ರಿಯೆಸ್ಟೆಗೆ ಜೀನ್ಸ್ ತರಲು ಹೋದಾಗ ಯಾರು ದಿನ ಎಣಿಸಿದ್ದರು?

ಉದ್ಯಾನದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದೇನೆ. ಬಾಣಂತನದ ನಲವತ್ತು ದಿನ ನಾನಿರುವುದಿಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ. ಮಂಡಿನೋವು ಕಡಿಮೆಯಾಗಿದೆ. ಐವಾರ್ ಬಾಟಲಿಗಳನ್ನೆಲ್ಲ ಅವಳ ಅಡುಗೆಮನೆಯಲ್ಲೇ ಬಿಟ್ಟು ಬರುತ್ತೇನೆ. ಅವಕ್ಕೆ ಗಡುವಿಲ್ಲ.

ಅಕ್ಕ ದೆಸಂಕಾ