ಗಿಣ್ಣಿನ ಪಾತ್ರೆಗೆ ಒಂದು ಹಿಡಿ ಗರಿಕೆ

ಕೋಲಾರ
ಫೆಬ್ರವರಿ ೩೦, ೨೧೭೪

ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನಿಸಬಹುದು, ಮನ್ನಿಸಿ. ಮಗಳು ಇಂಚರಳಿಗೆ ವರ್ಷ ತುಂಬಿತು, ಇನ್ನು ಹಸುವಿನ ಹಾಲು ಶುರುಮಾಡಿ ಅಂದಿದ್ದಾರೆ ಡಾಕ್ಟರು. ಅಂದಿನಿಂದ ನನಗೆ ನಿದ್ದೆಯಿಲ್ಲ.

ನಮ್ಮ ಹಸುಗಳು ತಿನ್ನುವುದು ಉಳಿಗಟ್ಟಿ. ಅಂದರೆ ಛತ್ರ, ಹೋಟೆಲು, ಬೇಕರಿಗಳಲ್ಲಿ ಮಿಕ್ಕ ಅನ್ನ, ಬ್ರೆಡ್ಡು, ಲಾಡು ಎಲ್ಲವನ್ನೂ ಕಲಸಿ ಒತ್ತಿದ ಇಟ್ಟಿಗೆ. ಮೇಲೆ ‘ಸಾವಯವ’ ಎಂಬ ಹಸಿರು ಮುದ್ರೆ ಬೇರೆ! ಮನುಷ್ಯರು ತಿಂದು ಬಿಟ್ಟದ್ದರಲ್ಲಿ ವಿಷ ಎಲ್ಲಿರುತ್ತೆ ಎಂಬುದು ಗಟ್ಟಿ ಮಾಡುವವರ ವಾದ. ಬೆಳಿಗ್ಗೆ ಗಟ್ಟಿಯ ಲಾರಿ ಬಂದರೆ ಬೀದಿಯೆಲ್ಲ ಹಳಸಿದ ಸಾರಿನ ನಾತ. ನಾನು ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತೇನೆ. ಹುಲ್ಲಿಲ್ಲದ ಹಸುಗಳು ಮೆಲುಕು ಹಾಕುವುದನ್ನೇ ಬಿಟ್ಟಿವೆ. ಹೊಟ್ಟೆ ಹುಳಿಯೇರಿ, ಗೊರಸು ನೊಂದು ಕುಂಟುತ್ತವೆ. ಸಗಣಿಯೋ, ನೊರೆನೊರೆಯಾದ ಅಂಬಲಿ. ಬೆರಣಿ ತಟ್ಟುವುದಿರಲಿ, ಬಾಚಲೂ ಬಾರದು. ಅದಕ್ಕೊಂದು ಔಷಧಿ, ಆ ಔಷಧಿಗೆ ಇನ್ನೊಂದು. ಆಮೇಲೆ ಅದೇ ಕೆಚ್ಚಲಿನ ಹಾಲು ನನ್ನ ಕೂಸಿಗೆ.

ಇದು ಶುರುವಾದದ್ದು ನಿಮ್ಮ ಪುಣ್ಯದಿಂದ. ಮದುವೆಯೂಟದ ಎಂಜಲೆಲೆಯನ್ನು ದೇವರ ಮುಂದೆ ಇಟ್ಟೀರಾ? ಹಸುವನ್ನು ದೇವರೆಂದಿರಿ, ಕುಂಕುಮವಿಟ್ಟಿರಿ, ಅದೇ ಎಲೆಯನ್ನು ಅದರ ಬಾಯಿಗೆ ಒಡ್ಡಿ ಕೈಮುಗಿದಿರಿ. ಥೂ.

ನಿನ್ನೆ ಪಕ್ಕದ ಮನೆಯ ಮುನಿರತ್ನಮ್ಮ, ಹಸು ಕರು ಹಾಕಿತೆಂದು ಗಿಣ್ಣು ತಂದುಕೊಟ್ಟರು. ಮುಚ್ಚಳ ತೆಗೆದರೆ ಏಲಕ್ಕಿಯ ಘಮದ ಕೆಳಗೆ ಅದೇ ಹಳಸು ನಾತ. ಗಿಣ್ಣು ಬೇಡ ಅನ್ನಬಾರದು ಕಣೇ, ಮಗೂಗೆ ಒಂದು ಬೆರಳು ನೆಕ್ಕಿಸು ಅಂದರು ಅತ್ತೆ. ಓದಿದೋಳ ಮೂಗು ಬಲು ಉದ್ದ ಅಂತ ಚುಚ್ಚಿದ್ದೂ ಆಯಿತು. ನಾನು ನೆಕ್ಕಿಸಲಿಲ್ಲ. ಗಿಣ್ಣು ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ. ಕುಂಡದಲ್ಲಿ ಬೆಳೆಸಿದ್ದ ಗರಿಕೆಯನ್ನು ಕಿತ್ತು, ಹಸುವಿಗಾಗಲಿ ಎಂದು ತುಂಬಿಕೊಟ್ಟೆ. ಮುನಿರತ್ನಮ್ಮ ಪಾತ್ರೆ ನೋಡಿ, ಇವತ್ತೇನಮ್ಮ ಗಣೇಶನ ಹಬ್ಬವಾ ಎಂದು ನಕ್ಕರು. ಹುಲ್ಲು ಹಸುವಿನ ಮೇವೆಂಬುದು ಹಾಲು ಮಾರಿ ಬದುಕುವ ಅವರಿಗೇ ಗೊತ್ತಿಲ್ಲ.

ಇಂಚರಳಿಗೆಂದು ತಂದ ಪುಟ್ಟ ಲೋಟ ಇನ್ನೂ ಬೋರಲಾಗಿಯೇ ಇದೆ.

ನಿಮ್ಮ ಕಾಲದಲ್ಲಿ ಹುಲ್ಲು ಇನ್ನೂ ಇದೆಯಂತೆ. ಉಂಡೆದ್ದ ಎಲೆಯನ್ನು ಹಸುವಿಗೆ ಹಾಕಲು ಹೋಗುವಾಗ ದಯವಿಟ್ಟು ಒಮ್ಮೆ ಮೂಸಿ ನೋಡಿ. ನನ್ನ ಮಗಳು ಕುಡಿಯಬೇಕಾದದ್ದು ಅದನ್ನೇ.

ಇಂಚರಳ ಅಮ್ಮ,
ಸುವರ್ಚಲಾ