ನಿನ್ನೆಯ ಒಂದು ಸೌಟು

ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯುವಷ್ಟು ತಾಳ್ಮೆ ಸದ್ಯಕ್ಕೆ ನನಗಿಲ್ಲ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಒಂದೂವರೆ ತಿಂಗಳಾಯಿತು, ಕ್ಷಮಿಸು. ಆದರೆ ತಡವಾದದ್ದು ನಿನ್ನ ಕಾಗದದಿಂದಲೇ. ಅದರಲ್ಲಿ ಬರೆದಿದ್ದ ಅಡುಗೆ ಹಿಡಿದು ಒಲೆಯ ಮುಂದೆ ನಿಂತವಳು ಈಗ ತಾನೇ ಕೂತಿದ್ದೇನೆ. ಫೋನು ಮಾಡಬಹುದಿತ್ತು. ಬೈಯಲು ಶುರುಮಾಡಿದರೆ ನೀನು 'ಹಾಲು ಉಕ್ತಿದೆ ಅಕ್ಕ' ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಆ ಉಪಾಯ ನಡೆಯುವುದಿಲ್ಲ.

ಅಮ್ಮನ ಎದೆಯ ಕಫ ಕರಗಿದೆ. ಕಣ್ಣಿನ ಡಾಕ್ಟರು ಮಾತ್ರ ಹಟ ಬಿಟ್ಟಿಲ್ಲ. 'ಇಷ್ಟು ನಿತ್ರಾಣ ಇರುವಾಗ ಪೊರೆ ತೆಗೆಯೋದು ಬೇಡ. ಮೂರು ಕೆಜಿ ಏರಲಿ, ಆಮೇಲೆ ಬನ್ನಿ' ಎಂದರು. ಏರುವುದು ಎಲ್ಲಿಂದ? ಬ್ರೆಡ್ಡು ಬೇಡ, ಮೊಟ್ಟೆ ಬೇಡ, ಹಣ್ಣಿನ ರಸ ಬೇಡ. ಕಿಟಕಿಯ ಕಡೆ ಮುಖ ಮಾಡಿ ಕೂತು, ಓಡಾಡುವ ನೆರಳುಗಳನ್ನು ನೋಡುತ್ತಾ ಒಂದೇ ಮಾತು: 'ಪುಟ್ಟಿ ಹೋಟೆಲಿನ ಚಿಲ್ಲಿ ಇದ್ದಿದ್ರೆ ಎರಡು ತುತ್ತು ತಿಂತಿದ್ದೆ.'

ಆ ಹೋಟೆಲು ಮುಚ್ಚಿ, ನೀನು ದೂರದ ಊರಿನ ಕ್ಯಾಂಟೀನಿಗೆ ಹೋಗಿ ಎರಡು ವರ್ಷವಾಯಿತು ಎಂದು ಹೇಳಿದರೆ, 'ಗೊತ್ತು ಬಿಡು' ಎಂದು ಮುಖ ತಿರುಗಿಸುತ್ತಾಳೆ. ಜ್ವರ ಬಿಟ್ಟವರಿಗೆ ಆ ಖಾರ ಕೊಡುವುದುಂಟೇ ಎಂದು ಡಾಕ್ಟರನ್ನು ಕೇಳಿದೆ. 'ಏನು ತಿಂತಾರೋ ಅದನ್ನ ಕೊಡಿ ತಾಯಿ' ಎಂದು ಅವರೂ ಕೈ ತೊಳೆದುಕೊಂಡರು. ಸರಿ, ಚಿಲ್ಲಿ ಎಂದರೆ ರಾಜ್ಮಾ, ಕೈಮಾ, ಟೊಮೆಟೊ, ಒಣಮೆಣಸಿನಕಾಯಿ ತಾನೇ, ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡೆ.

ಈಗ ನಿನ್ನ ವಿಧಾನಕ್ಕೆ ಬರುತ್ತೇನೆ. 'ಮೆಣಸಿನಕಾಯಿ ಸಾಕಷ್ಟು. ಉಪ್ಪು ಬೇಕಾದಷ್ಟು. ಬಣ್ಣ ಬರುವವರೆಗೆ ಹುರಿ. ಆಗುವವರೆಗೆ ಕುದಿಸು.' ಇಪ್ಪತ್ತು ವರ್ಷ ಒಂದೇ ಅಡುಗೆ ಮಾಡಿದವಳು ಬರೆಯುವ ರೀತಿಯೇ ಇದು? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಯಾವ ಬಣ್ಣ ಬರುವವರೆಗೆ? ಏನು ಆಗುವವರೆಗೆ? ಮೂವತ್ತೊಂದು ವರ್ಷದಿಂದ ಔಷಧಿ ಅಂಗಡಿಯಲ್ಲಿ ಹನಿ ಲೆಕ್ಕದಲ್ಲಿ ಮದ್ದು ಬೆರೆಸುವವಳು ನಾನು. ಸಾಕಷ್ಟು ಎಂದು ಡಾಕ್ಟರು ಚೀಟಿಯಲ್ಲಿ ಬರೆದರೆ ಆ ಚೀಟಿಯನ್ನೇ ವಾಪಸು ಕಳಿಸುತ್ತೇನೆ.

ಅಂಗಡಿಯ ಹಳೆಯ ತಕ್ಕಡಿಯನ್ನೇ ಮನೆಗೆ ತಂದೆ. ಮೆಣಸಿನಕಾಯಿಯ ಬೀಜ ತೆಗೆದು ತೂಗಿದೆ, ಜೀರಿಗೆ ತೂಗಿದೆ, ಗಡಿಯಾರ ಇಟ್ಟುಕೊಂಡು ಹುರಿದೆ. ಮೊದಲ ಸಲ ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬಂದೆವು. ಪಕ್ಕದ ಮನೆಯ ಮೇಷ್ಟ್ರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು. ಎರಡನೆಯ ಸಲ ಅಮ್ಮ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, 'ಇದು ಅದಲ್ಲ' ಎಂದಳು. ಮೂರನೆಯ ಸಲವೂ ಅದಲ್ಲ. ನೀನು ಬರೆದಿದ್ದ ಕಾಫಿ ಡಿಕಾಕ್ಷನ್ನನ್ನು ಐದು ಮಿಲಿ ಹೆಚ್ಚಿಸಿದೆ, ಅದಲ್ಲ. ಕೈಮಾ ಅಂಗಡಿ ಬದಲಾಯಿಸಿದೆ, ಅದಲ್ಲ. ಒಂಬತ್ತು ಸಲ, ಪುಟ್ಟಿ. ಚೆನ್ನಾಗಿಲ್ಲ ಎಂದಾದರೂ ಅಂದರೆ ಜಗಳವಾಡಬಹುದು. ಅದಲ್ಲ ಎನ್ನುವವಳ ಜೊತೆ ಏನು ಜಗಳ?

ಪ್ರತಿ ಸಲ ಉಳಿದದ್ದನ್ನೆಲ್ಲ ನಿನ್ನ ಭಾವನ ತಟ್ಟೆಗೆ ಸುರಿದು, ಪಾತ್ರೆಯನ್ನು ಫಳಫಳ ಉಜ್ಜಿ ಬೋರಲು ಹಾಕಿ ಮುಂದಿನ ಪ್ರಯತ್ನಕ್ಕೆ ಇಳಿಯುತ್ತಿದ್ದೆ. ಪಾಪ, ಆ ಮನುಷ್ಯ ತಕರಾರಿಲ್ಲದೆ ತಿಂದರು. ಈಗ ಕೈಮಾ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. 'ಹೊಳೆಯಲ್ಲಿ ಹುಣಸೆಹಣ್ಣು ತೊಳೀತಿದ್ದೀಯ, ಬಿಟ್ಟುಬಿಡು' ಎಂದರು. ಬಿಡುವುದಾದರೂ ಹೇಗೆ? ಒಂದು ರಾತ್ರಿ ಅತ್ತೂಬಿಟ್ಟೆ, ನಿನಗೆ ಹೇಳಲು ನಾಚಿಕೆಯಿಲ್ಲ. ಆರು ವರ್ಷದಿಂದ ಅಮ್ಮನ ಮಾತ್ರೆ ನಾನು ಕೊಡುತ್ತೇನೆ, ತಲೆ ಬಾಚುತ್ತೇನೆ, ಕಾಲಿನ ಉಗುರು ತೆಗೆಯುತ್ತೇನೆ. ಬಾಯಿಗೆ ರುಚಿಸುವುದು ಮಾತ್ರ ನಿನ್ನ ಕೈಯದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಮದ್ದಿನ ಅಂಗಡಿಯವಳಿಗೇ ಕಲಿಸಬೇಕಿತ್ತೇ?

ಕಳೆದ ವಾರ ನಿಮ್ಮ ಹೋಟೆಲಿನ ಮೀಸೆ ಸಪ್ಲೈಯರ್ ಕೆಮ್ಮಿನ ಔಷಧಿಗೆ ಅಂಗಡಿಗೆ ಬಂದಿದ್ದರು. ಈಗ ಬಟ್ಟೆ ಅಂಗಡಿಯಲ್ಲಿದ್ದಾರಂತೆ. ನಿನ್ನ ವಿಷಯ ಕೇಳಿದರು. ನಾನು ಬಾಟಲಿ ತೊಳೆಯುತ್ತಲೇ ನನ್ನ ಒಂಬತ್ತು ಅವತಾರಗಳ ಕಥೆ ಹೇಳಿದೆ. ಅವರು ಕೆಮ್ಮು ಮರೆತು ನಕ್ಕರು.

'ಪಾತ್ರೆ ತೊಳೆದಿರಾ?'

'ತೊಳೆಯದೆ?'

'ಅಲ್ಲೇ ಕೆಟ್ಟಿತು ನೋಡಿ. ನಿಮ್ಮ ತಂಗಿ ಆ ಹಂಡೆ ಪೂರ್ತಿ ಖಾಲಿ ಮಾಡಿದ್ದನ್ನ ನಾನು ಕಂಡೇ ಇಲ್ಲ. ನಿನ್ನೇದು ಒಂದು ಸೌಟು ತೆಗೆದಿಟ್ಟು ಇವತ್ತಿನದಕ್ಕೆ ಹಾಕಲೇಬೇಕು. ಒಂದು ದಿನದಲ್ಲಿ ಮಾಡಿದ್ರೆ ಅದು ಬರೀ ಕಾಳು, ಖಾರ.'

ಬಾಟಲಿ ಕೈಯಿಂದ ಜಾರಲಿಲ್ಲ, ಅಷ್ಟೇ ಪುಣ್ಯ. ಪುಟ್ಟಿ, ಇದನ್ನು ಬರೆಯಲು ನಿನಗೇನು ದಾಡಿ? ಕೇಳಿದರೆ 'ಅದೂ ಹೇಳಬೇಕಾ ಅಕ್ಕ' ಎನ್ನುತ್ತೀ, ಗೊತ್ತು. ಹೇಳಬೇಕು ಕಣೆ. ಹಳೆಯ ಮದ್ದಿನ ಒಂದು ಹನಿ ಹೊಸ ಬಾಟಲಿಯಲ್ಲಿ ಉಳಿದರೂ ತಪ್ಪು ಎಂದು ಮೂವತ್ತೊಂದು ವರ್ಷ ತೊಳೆದ ಕೈ ಇದು. ನಿನ್ನೆಯದನ್ನು ಉಳಿಸಿಕೋ ಎಂದು ಯಾರಾದರೂ ಹೇಳದೆ ಇದಕ್ಕೆ ಹೇಗೆ ಹೊಳೆಯಬೇಕು?

ಶುಕ್ರವಾರ ಹತ್ತನೆಯ ಸಲ ಮಾಡಿ, ಒಂದು ಸೌಟು ತೆಗೆದು ಫ್ರಿಜ್ಜಿನಲ್ಲಿಟ್ಟೆ. ಶನಿವಾರ ಅದನ್ನು ಹೊಸದಕ್ಕೆ ಹಾಕಿ ಮತ್ತೆ ಕುದಿಸಿದೆ. ಅಲ್ಲಿಂದ ದಿನವೂ ಒಂದು ಸೌಟು ಉಳಿಸಿ ಮರುದಿನದ್ದಕ್ಕೆ ಹಾಕಿದೆ, ನಗಬೇಡ. ಭಾನುವಾರ ಅಮ್ಮ 'ಅದಲ್ಲ' ಎನ್ನುವ ಮೊದಲು ಎರಡು ಚಮಚ ತಿಂದಳು. ಸೋಮವಾರ 'ಅದಲ್ಲ' ಎನ್ನದೆ ಅರ್ಧ ಬೋಗುಣಿ ತಿಂದಳು. ನಿನ್ನೆ ಮಧ್ಯಾಹ್ನ ಮುಚ್ಚಳ ತೆಗೆದಾಗ ನಿಮ್ಮ ಹೋಟೆಲಿನ ಹಿಂಬಾಗಿಲ ವಾಸನೆಯೇ ಬಂತು. ನಿನ್ನ ಡ್ಯೂಟಿ ಮುಗಿಯಲಿ ಎಂದು ನಾನೂ ಅಮ್ಮನೂ ಕಾಯುತ್ತಿದ್ದ ಆ ಮೆಟ್ಟಿಲು ನೆನಪಾಯಿತು. ಬೋಗುಣಿ ಪೂರ್ತಿ ಖಾಲಿಯಾಯಿತು.

ಅಂತೂ ಗೆದ್ದೆ. ಹೀಗೇ ತಿಂದರೆ ಬರುವ ತಿಂಗಳ ಕೊನೆಗೆ ಆಪರೇಷನ್ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಮೇಲೆ ಯಾರಿಗಾದರೂ ಅಡುಗೆ ಬರೆದುಕೊಡುವುದಿದ್ದರೆ ಮೊದಲು ನನಗೆ ತೋರಿಸು, ತಿದ್ದಿಕೊಡುತ್ತೇನೆ. ನಿನ್ನ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ, ದಿನಕ್ಕೆ ಎರಡು ಸಲ ಹಚ್ಚು. ಸಾಕಷ್ಟು ಅಲ್ಲ, ಎರಡು ಚಮಚ. ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ವರ್ಷ ಸುಖವಾಗಿರು.

ನಿನ್ನ
ಅಕ್ಕ

ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ಬೋಗುಣಿಯ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡು, 'ಯಾವಾಗ ಬಂದೆ ಪುಟ್ಟಿ?' ಎಂದಳು. ನಮ್ಮಿಬ್ಬರ ದನಿ ಒಂದೇ, ಫೋನಿನಲ್ಲಿ ಎಲ್ಲರೂ ಮೋಸಹೋಗುತ್ತಾರೆ. ಪುಟ್ಟಿಯಲ್ಲ, ನಾನು ಎನ್ನಲು ಮನಸ್ಸು ಬರಲಿಲ್ಲ. 'ಈಗ ತಾನೇ ಬಂದೆ ಅಮ್ಮ' ಎಂದೆ. ಅವಳು ದನಿ ತಗ್ಗಿಸಿದಳು. 'ಅಕ್ಕನಿಗೆ ಹೇಳ್ಬೇಡ ಕಣೆ. ಪಾಪ, ಒಂದೂವರೆ ತಿಂಗಳಿಂದ ಒದ್ದಾಡ್ತಿದ್ದಾಳೆ. ಅವಳ ಕೈಗೆ ಇದು ಬರೋದಿಲ್ಲ. ಗೊತ್ತಾದ್ರೆ ನೊಂದ್ಕೋತಾಳೆ.' ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಇವತ್ತು ಬೆಳಿಗ್ಗೆಯಿಂದ ಪುಟ್ಟಿ ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದಾಳೆ. ಸ್ನಾನಕ್ಕೆ ಹೋಗಿದ್ದಾಳೆ ಎಂದೆ, ಅಂಗಡಿಗೆ ಹೋಗಿದ್ದಾಳೆ ಎಂದೆ. ಮಧ್ಯಾಹ್ನ ಬೋಗುಣಿ ಹಿಡಿದು ನೀನಾಗಿ ಕೂರುತ್ತೇನೆ, ಅವಳಿಗೆ ನಿನ್ನ ಕೈಯಲ್ಲಾದರೆ ಇಳಿಯುತ್ತದೆ. ಆದರೆ ರಜೆ ಹಾಕಿ ಬೇಗ ಬಂದುಬಿಡು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವಳ ಮುಂದೆ ನಾನೊಬ್ಬಳೇ ನಿಂತಿರಬಾರದು.